ಸುಶಿ ಬೇಕ್: ಅನ್ನ ಮುದ್ದೆಯಾಗದೆ, ಎಣ್ಣೆ ತೇಲದೆ ಬರಬೇಕಾದರೆ

ಪ್ರಶ್ನೆ: ಮನೆಯಲ್ಲಿ ಸುಶಿ ಬೇಕ್ (ವಿನೆಗರ್ ಬೆರೆಸಿದ ಅನ್ನದ ಜಪಾನಿ ತಿನಿಸಾದ ಸುಶಿಯ ಓವನ್ ರೂಪ) ಮಾಡಿದೆ. ಅನ್ನದ ಮೇಲೆ ಹಸಿ ಸಿಗಡಿ, ಕ್ರ್ಯಾಬ್ ಸ್ಟಿಕ್ (ಏಡಿಯ ರುಚಿಯ ಮೀನಿನ ಕಡ್ಡಿ), ಮಯೋನೀಸ್ ಕಲಸಿ ಹರಡಿ, ಮೇಲೆ ಮೊಜರೆಲ್ಲಾ ಉದುರಿಸಿ 180 ಡಿಗ್ರಿಯಲ್ಲಿ 35 ನಿಮಿಷ ಇಟ್ಟೆ. ಅಡಿಯ ಅನ್ನ ಗಂಜಿಯಾಯಿತು, ಮೇಲೆ ಎಣ್ಣೆ ನಿಂತಿತು, ಸಿಗಡಿ ರಬ್ಬರಿನಂತಾಯಿತು. ಟ್ರೇಯ ತಳದಲ್ಲಿ ಹಾಸಿದ್ದ ನೋರಿಯನ್ನು (ಒಣಗಿಸಿದ ಕಡಲಕಳೆಯ ಹಾಳೆ) ಹರಿಯಲೂ ಆಗಲಿಲ್ಲ. ಎಲ್ಲಿ ತಪ್ಪಾಯಿತು? ಸುಶಿಗೆ ಹಸಿ ಮೀನು ಬಳಸುತ್ತಾರಲ್ಲ, ಇದಕ್ಕೂ ಹಸಿ ಸಾಲ್ಮನ್ ಹಾಕಬಹುದೇ? 8 ಜನರಿಗೆ ಮಾಡುವುದಿದೆ. ಹಿಂದಿನ ದಿನವೇ ತಯಾರಿ ಮಾಡಿಟ್ಟುಕೊಳ್ಳಬಹುದೇ?

ಉತ್ತರ: ನೀವು ಹೇಳಿದ ತೊಂದರೆಗಳ ಬೇರು ಎರಡು, ನೀರು ಮತ್ತು ಹೆಚ್ಚು ಹೊತ್ತಿನ ಕಾವು. ಹಸಿ ಸಿಗಡಿ ಬೇಯುವಾಗ ತನ್ನ ತೂಕದ ಹೆಚ್ಚುಕಡಿಮೆ ಐದನೇ ಒಂದು ಭಾಗದಷ್ಟು ನೀರು ಬಿಡುತ್ತದೆ. 300 ಗ್ರಾಂ ಸಿಗಡಿ ಹಾಕಿದ್ದರೆ ಸುಮಾರು 60 ಮಿ.ಲೀ. ನೀರು ನೇರವಾಗಿ ಕೆಳಗಿನ ಅನ್ನಕ್ಕೆ ಇಳಿದಿದೆ. ಫ್ರೀಜರಿನಿಂದ ತೆಗೆದ ಕ್ರ್ಯಾಬ್ ಸ್ಟಿಕ್ ಹಿಂಡದೆ ಹಾಕಿದ್ದರೆ ಅದರ ನೀರೂ ಸೇರಿಕೊಂಡಿದೆ. ಈಗಾಗಲೇ ಬೆಂದ ಅನ್ನ ಆ ನೀರಿನಲ್ಲಿ 35 ನಿಮಿಷ ಮತ್ತೆ ಬೆಂದಿದೆ. ಅಷ್ಟು ಹೊತ್ತಿನ ಕಾವಿಗೆ ಮಯೋನೀಸ್ ಒಡೆದು ಎಣ್ಣೆ ಬಿಟ್ಟಿದೆ, ಮೊಜರೆಲ್ಲಾದ ಜಿಡ್ಡೂ ಅದರ ಜೊತೆ ಸೇರಿದೆ. ಸಿಗಡಿ ಎರಡು ಮೂರು ನಿಮಿಷದಲ್ಲಿ ಬೇಯುವ ಪದಾರ್ಥ, ಉಳಿದ ಹೊತ್ತೆಲ್ಲ ಅದು ಗಟ್ಟಿಯಾಗುತ್ತಲೇ ಹೋಗಿದೆ.

ಸುಶಿ ಬೇಕ್‌ನಲ್ಲಿ ಓವನ್‌ಗೆ ಎರಡೇ ಕೆಲಸ: ಬಿಸಿ ಮಾಡುವುದು, ಮೇಲ್ಪದರಕ್ಕೆ ಬಣ್ಣ ಬರಿಸುವುದು. ಬೇಯಿಸುವುದು, ನೀರು ತೆಗೆಯುವುದು, ರುಚಿ ಹೊಂದಿಸುವುದು ಇವೆಲ್ಲ ಟ್ರೇ ಒಳಗೆ ಹೋಗುವ ಮೊದಲೇ ಮುಗಿದಿರಬೇಕು. ಕ್ಯಾಲಿಫೋರ್ನಿಯಾ ರೋಲ್‌ಗೆ (ಏಡಿ, ಬೆಣ್ಣೆಹಣ್ಣು, ಸೌತೆಕಾಯಿ ಇಟ್ಟು ಸುತ್ತಿದ ಸುಶಿ) ಹಾಕುವ ಸಾಮಾನನ್ನೇ ಸುರುಳಿ ಸುತ್ತದೆ ಟ್ರೇಯಲ್ಲಿ ಹರಡಿ ಮಾಡುವ ಅಡುಗೆ ಇದು. 2020ರ ಲಾಕ್‌ಡೌನ್ ಕಾಲದಲ್ಲಿ ಫಿಲಿಪೀನ್ಸ್‌ನಲ್ಲಿ ಮನೆಮನೆಯಲ್ಲಿ ಮಾಡಿ ಮಾರತೊಡಗಿದ ಮೇಲೆ ಎಲ್ಲೆಡೆ ಹರಡಿತು. ಚಮಚದಲ್ಲಿ ತೆಗೆದು ನೋರಿಯ ತುಂಡಿನ ಮೇಲಿಟ್ಟು, ಮಡಚಿ ಬಾಯಿಗಿಡುವಂತೆ ಇರಬೇಕು. ಅನ್ನ ಅಂಟಿಕೊಂಡಿರಬೇಕು, ಆದರೆ ಕಾಳು ಕಾಳಾಗಿ ಕಾಣಬೇಕು. ಮೇಲಿನದು ಕೆನೆಯಂತಿರಬೇಕು, ಆದರೆ ಹರಿಯಬಾರದು.

ಹಸಿ ಮೀನಿನ ಮಾತು ಮೊದಲು ಮುಗಿಸೋಣ

ಹಾಕಬೇಡಿ. ಹಸಿಯಾಗಿ ತಿನ್ನುವ ಮೀನನ್ನು ತಣ್ಣಗೇ ಇಟ್ಟು ತಣ್ಣಗೇ ತಿನ್ನಬೇಕು. ಬೇಯಿಸಿ ತಿನ್ನುವುದಾದರೆ ಒಳಗೆ 63 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಹಸಿ ಸಾಲ್ಮನ್ ಅನ್ನು ಮಯೋನೀಸ್‌ನಲ್ಲಿ ಕಲಸಿ ಹತ್ತು ನಿಮಿಷ ಓವನ್‌ನಲ್ಲಿಟ್ಟರೆ ಮಧ್ಯಭಾಗ 45-50 ಡಿಗ್ರಿಯಲ್ಲೇ ನಿಲ್ಲಬಹುದು. ಅದು ಹಸಿಯೂ ಅಲ್ಲ, ಬೆಂದದ್ದೂ ಅಲ್ಲ. ಮೀನಿನ ಪರೋಪಜೀವಿಗಳನ್ನು ಕೊಲ್ಲಲು ಮೈನಸ್ 20 ಡಿಗ್ರಿಯಲ್ಲಿ 7 ದಿನ ಘನೀಕರಿಸುವ ನಿಯಮ ಇರುವುದು ಹಸಿಯಾಗಿ ತಿನ್ನುವ ಮೀನಿಗೆ. ಪೂರ್ತಿ ಬೇಯಿಸುವ ಈ ಅಡುಗೆಗೆ ಅದೂ ಬೇಡ, ‘ಸುಶಿ ಗ್ರೇಡ್’ ಎಂದು ಬರೆದ ದುಬಾರಿ ಮೀನೂ ಬೇಡ. ತಾಜಾ ಮೀನಾದರೆ ಸಾಕು. ಟ್ಯೂನಾ ಬಳಸುವವರು ಇನ್ನೊಂದು ವಿಷಯ ನೆನಪಿಡಬೇಕು. ತಣ್ಣಗಿಡದೆ ಬಿಟ್ಟ ಟ್ಯೂನಾದಲ್ಲಿ ಹಿಸ್ಟಮೀನ್ ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ.

ಬೇಕಾದ ಅಳತೆ

23×33 ಸೆಂ.ಮೀ. ಟ್ರೇಗೆ, ಅಂದರೆ 8 ಜನರಿಗೆ ಈ ಲೆಕ್ಕ. 20 ಸೆಂ.ಮೀ. ಚೌಕದ ಟ್ರೇಯಾದರೆ ಎಲ್ಲವನ್ನೂ ಅರ್ಧ ಮಾಡಿ.

ಅನ್ನಕ್ಕೆ: ಜಪಾನಿ ಗಿಡ್ಡ ಕಾಳಿನ ಅಕ್ಕಿ 450 ಗ್ರಾಂ, ರೈಸ್ ವಿನೆಗರ್ 60 ಮಿ.ಲೀ., ಸಕ್ಕರೆ 25 ಗ್ರಾಂ, ಉಪ್ಪು 5 ಗ್ರಾಂ.

ಮೇಲ್ಪದರಕ್ಕೆ: ಕ್ರ್ಯಾಬ್ ಸ್ಟಿಕ್ 300 ಗ್ರಾಂ, ಸಿಪ್ಪೆ ಬಿಡಿಸಿದ ಸಿಗಡಿ ಅಥವಾ ಸಾಲ್ಮನ್ 300 ಗ್ರಾಂ, ಕ್ರೀಮ್ ಚೀಸ್ 120 ಗ್ರಾಂ, ಮಯೋನೀಸ್ 110 ಗ್ರಾಂ, ಸ್ರಿರಾಚಾ ಸಾಸ್ (ಮೆಣಸಿನಕಾಯಿಯ ಖಾರದ ಸಾಸ್) 1ರಿಂದ 2 ದೊಡ್ಡ ಚಮಚ, ಸೋಯಾ ಸಾಸ್ 1 ಟೀಚಮಚ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು ಒಂದು ಹಿಡಿ.

ಇದಲ್ಲದೆ ಫುರಿಕಾಕೆ 4 ದೊಡ್ಡ ಚಮಚ (ನೋರಿ, ಎಳ್ಳು, ಉಪ್ಪು, ಸಕ್ಕರೆ ಸೇರಿದ ಒಣ ಪುಡಿ, ಹಲವು ಬಗೆಗಳಲ್ಲಿ ಒಣಮೀನೂ ಇರುತ್ತದೆ), 8 ಪೂರ್ತಿ ನೋರಿ ಹಾಳೆ, ಬಡಿಸುವಾಗ ಸೌತೆಕಾಯಿ ಮತ್ತು ಬೆಣ್ಣೆಹಣ್ಣು.

ಮೊಜರೆಲ್ಲಾ ಬಿಟ್ಟುಬಿಡಿ. ಅದು ಹಾಕಿದರೆ ಚೀಸ್‌ನ ಎಳೆಯೇ ಮುಂದೆ ಬಂದು ಸಮುದ್ರದ ರುಚಿ ಹಿಂದೆ ಸರಿಯುತ್ತದೆ, ಜಿಡ್ಡೂ ಹೆಚ್ಚುತ್ತದೆ.

ಅನ್ನ

ಈ ಅಡುಗೆಯ ಅರ್ಧ ಗೆಲುವು ಇಲ್ಲೇ ಇದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂದು ಎರಡು ಬಗೆ. ಅಮೈಲೋಸ್ ಹೆಚ್ಚಿದ್ದರೆ ಅನ್ನ ಉದುರುದುರಾಗುತ್ತದೆ, ಕಡಿಮೆ ಇದ್ದರೆ ಅಂಟುತ್ತದೆ. ಜಪಾನಿ ಗಿಡ್ಡ ಕಾಳಿನಲ್ಲಿ ಅದು ಕಡಿಮೆ, ಆದ್ದರಿಂದ ಕಾಳು ಒಡೆಯದೆಯೇ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಬಾಸ್ಮತಿಯಂಥ ಉದ್ದ ಕಾಳಿನ ಅಕ್ಕಿಯನ್ನು ಹೆಚ್ಚು ನೀರಿಟ್ಟು ಬೇಯಿಸಿ ಅಂಟಿಸಲು ಹೋದರೆ ಕಾಳು ಒಡೆದು ಮುದ್ದೆಯಾಗುತ್ತದೆ, ಸುಶಿ ಅನ್ನದ ಹದ ಬರುವುದೇ ಇಲ್ಲ. ಪೂರ್ತಿ ಅಂಟಕ್ಕಿಯೂ ಬೇಡ, ಅದು ಜಿಗುಟಾಗಿ ಚಮಚಕ್ಕೇ ಮೆತ್ತಿಕೊಳ್ಳುತ್ತದೆ. ಚೀಲದ ಮೇಲೆ ‘ಸುಶಿ ರೈಸ್’ ಅಥವಾ ‘ಜಪೋನಿಕಾ’ ಎಂದಿರುವ ಅಕ್ಕಿ ತನ್ನಿ.

ಅಕ್ಕಿಗೆ ತಣ್ಣೀರು ಹಾಕಿ ಒಮ್ಮೆ ಕಲಕಿ ಆ ಮೊದಲ ನೀರನ್ನು ತಕ್ಷಣ ಚೆಲ್ಲಿ. ಒಣ ಅಕ್ಕಿ ಮೊದಲು ಸಿಕ್ಕ ನೀರನ್ನು ಬೇಗ ಹೀರುತ್ತದೆ, ಜೊತೆಗೆ ಹಿಟ್ಟಿನ ವಾಸನೆಯನ್ನೂ ಹೀರುತ್ತದೆ. ಆಮೇಲೆ ನಾಲ್ಕೈದು ಸಲ ತೊಳೆಯಿರಿ. ನೀರು ಕನ್ನಡಿಯಷ್ಟು ತಿಳಿಯಾಗಬೇಕಿಲ್ಲ, ಬಟ್ಟಲಿನ ತಳದ ಕಾಳು ಸ್ಪಷ್ಟವಾಗಿ ಕಂಡರೆ ಸಾಕು. ಉಜ್ಜಿ ತೊಳೆದು ಕಾಳು ಮುರಿಯಬೇಡಿ, ಮುರಿದ ಕಾಳೇ ಮುಂದೆ ಗಂಜಿಯಾಗುವುದು. 30 ನಿಮಿಷ ನೆನೆಸಿ, ಜರಡಿಯಲ್ಲಿ 15 ನಿಮಿಷ ಬಸಿಯಲು ಬಿಡಿ.

ನೀರಿನ ಅಳತೆಯಲ್ಲಿ ಎಡವುವವರೇ ಹೆಚ್ಚು, ಏಕೆಂದರೆ ನೆನೆದ ಅಕ್ಕಿ ಎಷ್ಟು ನೀರು ಹಿಡಿದಿದೆ ಎಂದು ಲೋಟದ ಲೆಕ್ಕದಲ್ಲಿ ಗೊತ್ತಾಗುವುದಿಲ್ಲ. ತೂಕದ ಯಂತ್ರ ಇದ್ದರೆ ಈ ಗೊಂದಲವೇ ಇಲ್ಲ. ಖಾಲಿ ಪಾತ್ರೆಯನ್ನು ಅದರ ಮೇಲಿಟ್ಟು ಸೊನ್ನೆ ಮಾಡಿ. ಬಸಿದ ಅಕ್ಕಿಯನ್ನೆಲ್ಲ ಹಾಕಿ. ಈಗ ಅಕ್ಕಿ ಮತ್ತು ನೀರು ಸೇರಿ ಒಟ್ಟು 1000 ಗ್ರಾಂ ಆಗುವವರೆಗೆ ನೀರು ಹಾಕಿ. ಅಂದರೆ 450 ಗ್ರಾಂ ಅಕ್ಕಿಗೆ ನೆನೆದದ್ದೂ ಸೇರಿ 550 ಮಿ.ಲೀ. ನೀರು. ಊಟಕ್ಕೆ ಮಾಡುವ ಜಪಾನಿ ಅನ್ನಕ್ಕೆ ಇದಕ್ಕಿಂತ ಹೆಚ್ಚು ಬೇಕು. ಇಲ್ಲಿ ಆಮೇಲೆ ವಿನೆಗರ್ ಸೇರುತ್ತದೆ, ಮೇಲ್ಪದರದ ತೇವವೂ ಇಳಿಯುತ್ತದೆ, ಅದಕ್ಕೆ ಜಾಗ ಬಿಡಬೇಕು. ಮುಚ್ಚಳ ಸಡಿಲವಾಗಿ ಹಬೆ ಹೊರಗೆ ಹೋಗುವ ಪಾತ್ರೆಯಾದರೆ 30 ಮಿ.ಲೀ. ಹೆಚ್ಚು ಹಾಕಿ.

ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ ಮಧ್ಯಮ ಉರಿಯಲ್ಲಿ ಕುದಿ ಬರಿಸಿ, ಆಮೇಲೆ ಉರಿಯನ್ನು ಅತಿ ಸಣ್ಣ ಮಾಡಿ 12 ನಿಮಿಷ ಬಿಡಿ. ಒಲೆ ಆರಿಸಿ ಇನ್ನೂ 10 ನಿಮಿಷ ಮುಚ್ಚಳ ತೆಗೆಯದೆ ಇಡಿ. ಎಲೆಕ್ಟ್ರಿಕ್ ರೈಸ್ ಕುಕ್ಕರ್ ಆದರೆ ಅದರ ಪಾಡಿಗೆ ಬಿಡಿ. ವಿಷಲ್ ಹಾಕುವ ಪ್ರೆಶರ್ ಕುಕ್ಕರ್ ಈ ಅಕ್ಕಿಗೆ ಒಳ್ಳೆಯದಲ್ಲ, ಕಾಳಿನ ಹೊರಮೈ ಕರಗಿಹೋಗುತ್ತದೆ. ಬೆಂದ ಕಾಳೊಂದನ್ನು ಬೆರಳ ನಡುವೆ ಒತ್ತಿ ನೋಡಿ. ಒಳಗೆ ಬಿಳಿ ಚುಕ್ಕೆ ಇರಬಾರದು. ಒತ್ತಿದಾಗ ಚಪ್ಪಟೆಯಾಗಬೇಕು, ಆದರೆ ಬೆರಳಿಗೆ ಹಿಟ್ಟಾಗಿ ಮೆತ್ತಿಕೊಳ್ಳಬಾರದು.

ಅನ್ನ ಬೇಯುತ್ತಿರುವಾಗಲೇ ವಿನೆಗರ್, ಸಕ್ಕರೆ, ಉಪ್ಪು ಬೆಚ್ಚಗೆ ಮಾಡಿ ಕರಗಿಸಿಡಿ. ಕುದಿಸಬೇಡಿ, ಹುಳಿ ಹಾರಿಹೋಗುತ್ತದೆ. ಸಾಮಾನ್ಯ ಬಿಳಿ ವಿನೆಗರ್ ಮಾತ್ರ ಸಿಕ್ಕರೆ 45 ಮಿ.ಲೀ.ಗೆ 15 ಮಿ.ಲೀ. ನೀರು ಬೆರೆಸಿ, ಅದರ ಹುಳಿ ತೀಕ್ಷ್ಣ. ಸಕ್ಕರೆ ಉಪ್ಪು ಈಗಾಗಲೇ ಬೆರೆಸಿದ ‘ಸುಶಿ ವಿನೆಗರ್’ ತಂದಿದ್ದರೆ ಮತ್ತೆ ಏನನ್ನೂ ಹಾಕಬೇಡಿ, 75 ಮಿ.ಲೀ. ಸಾಕು.

ಅನ್ನ ಬಿಸಿಬಿಸಿ ಇರುವಾಗಲೇ ಅಗಲವಾದ ತಟ್ಟೆಗೆ ತೋಡಿಕೊಂಡು ವಿನೆಗರ್ ಅನ್ನು ಎಲ್ಲೆಡೆ ಚಿಮುಕಿಸಿ. ಬಿಸಿ ಅನ್ನ ಅದನ್ನು ಒಳಗೆಳೆದುಕೊಳ್ಳುತ್ತದೆ. ಆರಿದ ಅನ್ನಕ್ಕೆ ಹಾಕಿದರೆ ಮೇಲ್ಮೈಯಲ್ಲೇ ನಿಂತು ಒದ್ದೆ ಮಾಡುತ್ತದೆ. ಅನ್ನವನ್ನು ಸುತ್ತಿ ಸುತ್ತಿ ಕಲಸಬೇಡಿ. ಚಪ್ಪಟೆ ಸೌಟಿನ ಅಂಚಿನಿಂದ ಕತ್ತರಿಸುತ್ತ, ಅಡಿಯದನ್ನು ಮೇಲಕ್ಕೆ ಮಗುಚುತ್ತ ಹೋಗಿ. ಜೊತೆಗೆ ಬೀಸಣಿಗೆಯಿಂದ ಎರಡು ಮೂರು ನಿಮಿಷ ಗಾಳಿ ಹಾಕಿ, ಹೊರಮೈಯ ತೇವ ಆರಿ ಕಾಳು ಹೊಳೆಯುತ್ತದೆ. ಕೈಗೆ ಬೆಚ್ಚಗೆನಿಸುವ ಹದಕ್ಕೆ ಬಂದಾಗ ಒದ್ದೆ ಬಟ್ಟೆ ಮುಚ್ಚಿಡಿ.

ಫ್ರಿಜ್‌ನಲ್ಲಿಟ್ಟ ಅನ್ನ ಬೇಡವೇ ಬೇಡ. ತಂಪಿನಲ್ಲಿ ಪಿಷ್ಟ ಮತ್ತೆ ಬಿಗಿಯುತ್ತದೆ, ಕಾಳು ಒಳಗೊಳಗೇ ಗಟ್ಟಿಯಾಗುತ್ತದೆ. ಅದನ್ನು ಮೆದುವಾಗಿಸಲು ಓವನ್‌ನಲ್ಲಿ ಹೆಚ್ಚು ಹೊತ್ತು ಇಡಬೇಕಾಗುತ್ತದೆ, ಆಗ ಮೇಲ್ಪದರ ಹಾಳಾಗುತ್ತದೆ.

ಮೇಲ್ಪದರ

ಕ್ರ್ಯಾಬ್ ಸ್ಟಿಕ್ ಎಂದರೆ ಸುರಿಮಿ. ಪೊಲಾಕ್‌ನಂಥ ಬಿಳಿ ಮೀನಿನ ಮಾಂಸಕ್ಕೆ ಪಿಷ್ಟ, ಮೊಟ್ಟೆಯ ಬಿಳಿ, ಸಕ್ಕರೆ, ಏಡಿಯ ಸುವಾಸನೆ ಸೇರಿಸಿ ಬೇಯಿಸಿ ಮಾಡಿದ್ದು. ಅದು ಮೊದಲೇ ಬೆಂದಿರುತ್ತದೆ, ಬಿಸಿಯಾದರೆ ಸಾಕು. ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ ಕರಗಲು ಬಿಡಿ. ಉದ್ದುದ್ದ ಎಳೆಗಳಾಗಿ ಕೈಯಿಂದ ಬಿಡಿಸಿ, ಹಿಡಿಹಿಡಿಯಾಗಿ ತೆಗೆದುಕೊಂಡು ಬಿಗಿಯಾಗಿ ಹಿಂಡಿ. ಬೆರಳುಸಂದಿನಿಂದ ಮಬ್ಬು ನೀರು ತೊಟ್ಟಿಕ್ಕುತ್ತದೆ. ಅದು ನಿಲ್ಲುವವರೆಗೆ ಹಿಂಡಿ, ಆಮೇಲೆ ಎಳೆಗಳನ್ನು ಮತ್ತೆ ಬಿಡಿಬಿಡಿ ಮಾಡಿ, ಬಟ್ಟೆ ಅಥವಾ ಕಾಗದದ ಟವೆಲ್ ಮೇಲೆ ಐದು ನಿಮಿಷ ಹರಡಿ. ಚಾಕುವಿನಿಂದ ಚೂರು ಮಾಡುವುದಕ್ಕಿಂತ ಎಳೆ ಬಿಡಿಸುವುದು ಒಳ್ಳೆಯದು, ಎಳೆಗಳು ಕ್ರೀಮ್ ಅನ್ನು ಹಿಡಿದಿಡುತ್ತವೆ.

ಸಿಗಡಿಯ ಬೆನ್ನಿನ ಕಪ್ಪು ನರ ತೆಗೆದು, ಉಪ್ಪು ಹಾಕಿದ ನೀರು ಕುದಿ ಬಂದಾಗ ಉರಿ ಸಣ್ಣ ಮಾಡಿ ಅದರಲ್ಲಿ ಬಿಡಿ. ಮಧ್ಯಮ ಗಾತ್ರದ್ದು ಸುಮಾರು 2 ನಿಮಿಷದಲ್ಲಿ ಪಾರದರ್ಶಕತೆ ಹೋಗಿ ಬೆಳ್ಳಗೆ, ನಸುಗೆಂಪಾಗಿ, ಸಡಿಲವಾಗಿ ಬಾಗುತ್ತದೆ. ಉಂಗುರದಂತೆ ಬಿಗಿಯಾಗಿ ಸುತ್ತಿಕೊಂಡರೆ ಹೊತ್ತು ಮೀರಿದೆ ಎಂದರ್ಥ. ತೆಗೆದು ತಟ್ಟೆಯಲ್ಲಿ ಹರಡಿ ಆರಿಸಿ, 1 ಸೆಂ.ಮೀ. ತುಂಡು ಮಾಡಿ ಟವೆಲ್‌ನಲ್ಲಿ ಒತ್ತಿ ಒಣಗಿಸಿ. ಪ್ಯಾಕೆಟ್ ಸಿಗಡಿಯ ಪದಾರ್ಥಪಟ್ಟಿಯಲ್ಲಿ ಫಾಸ್ಫೇಟ್ ಎಂದಿದ್ದರೆ ಅದು ಹೆಚ್ಚುವರಿ ನೀರು ಹಿಡಿದಿಟ್ಟುಕೊಂಡಿರುತ್ತದೆ. ಅಂಥದ್ದನ್ನು ನೀರಿಗೆ ಹಾಕದೆ, ಒಣ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಹುರಿದು ನೀರು ಹಾರಿಸಿ.

ಸಾಲ್ಮನ್ ಆದರೆ ಚಿಟಿಕೆ ಉಪ್ಪು ಸವರಿ 200 ಡಿಗ್ರಿಯಲ್ಲಿ 10-12 ನಿಮಿಷ, ಅತಿ ದಪ್ಪ ಭಾಗದಲ್ಲಿ 63 ಡಿಗ್ರಿ ಬರುವವರೆಗೆ ಬೇಯಿಸಿ. ತಳದಲ್ಲಿ ನಿಂತ ರಸ, ಮೈಮೇಲೆ ಕಾಣುವ ಬಿಳಿ ಗಟ್ಟಿ ಪ್ರೋಟೀನ್, ಚರ್ಮ, ಮುಳ್ಳು ತೆಗೆದು ದೊಡ್ಡ ಪದರಗಳಾಗಿ ಬಿಡಿಸಿ. ತೀರಾ ಪುಡಿ ಮಾಡಿದರೆ ಕಲಸುವಾಗ ಪೇಸ್ಟ್ ಆಗಿಬಿಡುತ್ತದೆ. ನಿಜವಾದ ಏಡಿ ಮಾಂಸ ಸಿಕ್ಕರೆ ಇನ್ನೂ ಚೆನ್ನ, ಡಬ್ಬಿಯದಾದರೆ ಸುರಿಮಿಯಂತೆಯೇ ಹಿಂಡಿ. ಸ್ಕಾಲಪ್ (ಒಂದು ಬಗೆಯ ಚಿಪ್ಪುಮೀನು) ಅನ್ನು ಕಾದ ಬಾಣಲೆಯಲ್ಲಿ ಎರಡೂ ಬದಿ ಕೆಂಪಗೆ ಮಾಡಿ, ಒಳಗೂ ಬೆಂದ ಮೇಲೆ ಹೆಚ್ಚಿ ಹಾಕಬಹುದು. ಸ್ಕ್ವಿಡ್ ಮಾತ್ರ ಬೇಡ, ಎರಡನೇ ಸಲದ ಕಾವಿಗೆ ಅದು ಖಂಡಿತ ಗಟ್ಟಿಯಾಗುತ್ತದೆ.

ಈಗ ಮಯೋನೀಸ್ ಒಡೆಯುವ ವಿಷಯ. ಅದರ ತೂಕದ ಬಹುಭಾಗ ಎಣ್ಣೆ. ಆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಸ್ವಲ್ಪವೇ ನೀರಿನಲ್ಲಿ ತೇಲುತ್ತ ನಿಲ್ಲುವುದು ಮೊಟ್ಟೆಯ ಹಳದಿಯ ಬಲದಿಂದ. ಕಾವು ಹೆಚ್ಚಾದಾಗ ಹಳದಿಯ ಪ್ರೋಟೀನ್ ಗಟ್ಟಿಯಾಗಿ ಹನಿಗಳ ಮೇಲಿನ ಹಿಡಿತ ಸಡಿಲವಾಗುತ್ತದೆ, ಹನಿಗಳು ಒಂದಾಗಿ ಎಣ್ಣೆ ಮೇಲೆ ಬರುತ್ತದೆ. ಇದಕ್ಕೆ ಪರಿಹಾರ ಎರಡು. ಒಂದು, ಓವನ್‌ನ ಹೊತ್ತು ಕಡಿಮೆ ಮಾಡುವುದು. ಇನ್ನೊಂದು, ಮಯೋನೀಸ್‌ನ ಅರ್ಧ ಜಾಗವನ್ನು ಕ್ರೀಮ್ ಚೀಸ್‌ಗೆ ಕೊಡುವುದು. ಕ್ರೀಮ್ ಚೀಸ್‌ನ ಹಾಲಿನ ಪ್ರೋಟೀನ್ ಮತ್ತು ಅದಕ್ಕೆ ಬೆರೆಸಿರುವ ಗೋಂದಿನಂಥ ಪದಾರ್ಥಗಳು ನೀರು, ಎಣ್ಣೆ ಎರಡನ್ನೂ ಹಿಡಿದಿಡುತ್ತವೆ. ಸುರಿಮಿಯ ಪಿಷ್ಟವೂ ನೆರವಾಗುತ್ತದೆ. ಸುರಿಮಿ ಬಿಟ್ಟು ಬರೀ ಸಿಗಡಿ, ಸಾಲ್ಮನ್‌ನಲ್ಲಿ ಮಾಡುವವರು 2 ಟೀಚಮಚ ಕಾರ್ನ್‌ಫ್ಲೋರ್ ಬೆರೆಸಿಕೊಳ್ಳಿ.

ಜಪಾನಿನ ಕ್ಯೂಪಿ ಮಯೋನೀಸ್ ಅನ್ನು ಬಹಳ ಜನ ಆರಿಸುವುದಕ್ಕೆ ಕಾರಣವಿದೆ. 1925ರಿಂದ ಮಾರಾಟದಲ್ಲಿರುವ ಅದಕ್ಕೆ ಇಡೀ ಮೊಟ್ಟೆಯ ಬದಲು ಹಳದಿಯನ್ನಷ್ಟೇ ಬಳಸುತ್ತಾರೆ, ರುಚಿಯಲ್ಲಿ ಉಮಾಮಿ (ಮಾಂಸದ ಸಾರಿನಂಥ ಗಾಢ ರುಚಿ) ಮುಂದಿರುತ್ತದೆ. ಸಿಗದಿದ್ದರೆ ಸಾಮಾನ್ಯ ಮಯೋನೀಸ್ 110 ಗ್ರಾಂಗೆ ಅರ್ಧ ಟೀಚಮಚ ಸಕ್ಕರೆ, ಒಂದು ಟೀಚಮಚ ರೈಸ್ ವಿನೆಗರ್ ಸೇರಿಸಿ. ‘ಲೈಟ್’ ಮಯೋನೀಸ್ ಬೇಡ, ಅದರಲ್ಲಿ ನೀರು ಹೆಚ್ಚು, ಬಣ್ಣವೂ ಸರಿಯಾಗಿ ಬರುವುದಿಲ್ಲ.

ಕ್ರೀಮ್ ಚೀಸ್ ಕೋಣೆಯ ತಾಪಕ್ಕೆ ಬಂದ ಮೇಲೆ ಅದೊಂದನ್ನೇ ಮೊದಲು ನುಣ್ಣಗೆ ಕಲಸಿ, ಆಮೇಲೆ ಮಯೋನೀಸ್, ಸ್ರಿರಾಚಾ, ಸೋಯಾ ಸಾಸ್ ಸೇರಿಸಿ. ತಣ್ಣಗಿನ ಕ್ರೀಮ್ ಚೀಸ್ ಹಾಕಿದರೆ ಗಂಟು ಉಳಿಯುತ್ತದೆ. ಸುರಿಮಿ, ಸಿಗಡಿ, ಈರುಳ್ಳಿ ಸೊಪ್ಪನ್ನು ಕೊನೆಗೆ ಹಾಕಿ ಮಗುಚಿ. ಚಮಚದಲ್ಲಿ ತೆಗೆದು ಓರೆ ಹಿಡಿದರೆ ಮಿಶ್ರಣ ಜಾರದೆ ನಿಲ್ಲಬೇಕು. ಜಾರಿದರೆ ಎಲ್ಲೋ ನೀರು ಉಳಿದಿದೆ. ಇನ್ನೂ 50 ಗ್ರಾಂ ಹಿಂಡಿದ ಸುರಿಮಿ ಸೇರಿಸಿ ಸರಿಪಡಿಸಿ, ಮಯೋನೀಸ್ ಸೇರಿಸಿದರೆ ಸರಿಹೋಗದು. ಈಗ ರುಚಿ ನೋಡಿ. ಸುರಿಮಿ, ಸೋಯಾ ಸಾಸ್, ಫುರಿಕಾಕೆ ಮೂರರಲ್ಲೂ ಉಪ್ಪಿದೆ, ಆದ್ದರಿಂದ ಬೇರೆ ಉಪ್ಪು ಬೇಕಾಗುವುದು ಅಪರೂಪ.

ಟ್ರೇಗೆ ಹಾಕುವುದು

ಟ್ರೇ ಲೋಹದ್ದೋ ಪಿಂಗಾಣಿಯದ್ದೋ ಇರಲಿ, ಅದನ್ನು ಗ್ರಿಲ್ (ಓವನ್‌ನ ಮೇಲ್ಭಾಗದಿಂದ ಬರುವ ನೇರ ಕಾವು) ಅಡಿ ಇಡಬಹುದು ಎಂದು ತಯಾರಕರು ಹೇಳಿರಬೇಕು. ಗಾಜಿನ ಟ್ರೇಯನ್ನು ಗ್ರಿಲ್‌ನ ನೇರ ಕಾವಿಗೆ ಒಡ್ಡಬೇಡಿ, ಫ್ರಿಜ್‌ನಿಂದ ತೆಗೆದು ಕಾದ ಓವನ್‌ಗೂ ಇಡಬೇಡಿ. ತಾಪದ ದಿಢೀರ್ ಏರಿಕೆಗೆ ಗಾಜು ಸಿಡಿಯುತ್ತದೆ.

ಹುರಿದ ಎಳ್ಳಿನ ಎಣ್ಣೆಯನ್ನು ತೆಳ್ಳಗೆ ಸವರಿ ಬೆಚ್ಚಗಿನ ಅನ್ನ ಹರಡಿ. ಪದರ ಒಂದೂವರೆಯಿಂದ 2 ಸೆಂ.ಮೀ. ಸಾಕು. ಕೈಯನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದಿ ಝಾಡಿಸಿಕೊಂಡು ಅನ್ನವನ್ನು ಸಮ ಮಾಡಿ. ಸಮ ಮಾಡುವುದು ಬೇರೆ, ಅದುಮುವುದು ಬೇರೆ. ಅದುಮಿದರೆ ಕಾಳುಗಳ ನಡುವಿನ ಗಾಳಿ ಹೋಗಿ ಅನ್ನ ಹಲಗೆಯಾಗುತ್ತದೆ. ಅಂಚು ಮೂಲೆಗಳಲ್ಲಿ ಮಾತ್ರ ಸ್ವಲ್ಪ ಒತ್ತಿ, ತುಂಡು ತೆಗೆಯುವಾಗ ಅಲ್ಲೇ ಮೊದಲು ಉದುರುವುದು.

ಅನ್ನದ ಮೇಲೆ 2 ದೊಡ್ಡ ಚಮಚ ಫುರಿಕಾಕೆ ಉದುರಿಸಿ. ಒಣಗಿದ ಈ ಪುಡಿ ಮೇಲಿಂದ ಇಳಿಯುವ ತೇವವನ್ನು ಹೀರಿಕೊಂಡು ಅನ್ನವನ್ನು ಕಾಯುತ್ತದೆ, ನಡುವೆ ಸಮುದ್ರದ ರುಚಿಯ ಒಂದು ಗೆರೆಯನ್ನೂ ಕೊಡುತ್ತದೆ. ಅದರ ಮೇಲೆ ಮಿಶ್ರಣವನ್ನು ಅಲ್ಲಲ್ಲಿ ಚಮಚದಿಂದ ಇಟ್ಟು ಆಮೇಲೆ ಹರಡಿ. ಒಂದೇ ಕಡೆ ಸುರಿದು ಎಳೆದರೆ ಅನ್ನ ಕಿತ್ತು ಬರುತ್ತದೆ. ಉಳಿದ ಫುರಿಕಾಕೆ ಓವನ್‌ನಿಂದ ಹೊರಬಂದ ಮೇಲೆ ಹಾಕಲು ಇರಲಿ, ಗ್ರಿಲ್ ಅಡಿ ಸಿಕ್ಕರೆ ಅದರಲ್ಲಿರುವ ನೋರಿ ಸುಟ್ಟು ಕಹಿಯಾಗುತ್ತದೆ.

ಓವನ್

ಓವನ್ 200 ಡಿಗ್ರಿಗೆ ಪೂರ್ತಿ ಕಾದಿರಲಿ, ಫ್ಯಾನ್ ಇರುವುದಾದರೆ 180. ಮಧ್ಯದ ಹಂತದಲ್ಲಿ 12ರಿಂದ 15 ನಿಮಿಷ. ನೋಡಬೇಕಾದ್ದು ಅಂಚನ್ನು. ಅಂಚಿನಲ್ಲಿ ದಪ್ಪ, ಬಿಳಿ ಗುಳ್ಳೆಗಳು ನಿಧಾನವಾಗಿ ಏಳಲು ಶುರುವಾದರೆ ಸರಿಯಾದ ಹದ. ಅಲ್ಲಿ ತಿಳಿ ಎಣ್ಣೆ ಹೊಳೆಯತೊಡಗಿದರೆ ತಡವಾಗುತ್ತಿದೆ, ತಕ್ಷಣ ತೆಗೆಯಿರಿ. ಥರ್ಮಾಮೀಟರ್ ಇದ್ದರೆ ಮೇಲ್ಪದರದ ಮಧ್ಯೆ 65 ಡಿಗ್ರಿ ನೋಡಿ.

ಆಮೇಲೆ ಮೇಲಿನ ಗ್ರಿಲ್ ಹಚ್ಚಿ, ಕಾಯಿಲ್‌ನಿಂದ ಸುಮಾರು 15 ಸೆಂ.ಮೀ. ಕೆಳಗೆ ಟ್ರೇ ಇಟ್ಟು 2-3 ನಿಮಿಷ. ಈ ಹೊತ್ತಿನಲ್ಲಿ ಓವನ್ ಮುಂದಿನಿಂದ ಕದಲಬೇಡಿ. ಸುರಿಮಿ, ಸ್ರಿರಾಚಾ ಎರಡರಲ್ಲೂ ಸಕ್ಕರೆ ಇರುವುದರಿಂದ ಬಣ್ಣ ಒಮ್ಮೆ ಬರತೊಡಗಿದರೆ ಅರ್ಧ ನಿಮಿಷದಲ್ಲಿ ಕಪ್ಪಾಗಬಹುದು. ಎಳೆಗಳ ತುದಿ ಅಲ್ಲಲ್ಲಿ ಕಂದಾದರೆ ಸಾಕು. ಗ್ರಿಲ್ ಇಲ್ಲದ ಓವನ್ ಆದರೆ ಕೊನೆಯ 4 ನಿಮಿಷ 230 ಡಿಗ್ರಿಗೆ ಏರಿಸಿ ಟ್ರೇಯನ್ನು ಮೇಲಿನ ಹಂತಕ್ಕೆ ಸರಿಸಿ. ಏರ್ ಫ್ರೈಯರ್‌ನಲ್ಲಿ ಸಣ್ಣ ಪಾತ್ರೆಯಲ್ಲಿ ಮಾಡಬಹುದು, 180 ಡಿಗ್ರಿಯಲ್ಲಿ 8-10 ನಿಮಿಷ. ಅದರ ಗಾಳಿಯೇ ಮೇಲ್ಭಾಗಕ್ಕೆ ಬಣ್ಣ ತರುತ್ತದೆ.

ಹೊರತೆಗೆದು 5ರಿಂದ 8 ನಿಮಿಷ ಬಿಡಿ. ಬಿಸಿಯಲ್ಲೇ ತೋಡಿದರೆ ಮೇಲ್ಪದರ ಜಾರುತ್ತದೆ, ಸ್ವಲ್ಪ ಆರಿದರೆ ಬಿಗಿದು ನಿಲ್ಲುತ್ತದೆ. ಒದ್ದೆ ಚಾಕುವಿನಿಂದ 5 ಸೆಂ.ಮೀ. ಚೌಕಗಳಾಗಿ ಗೆರೆ ಎಳೆದುಕೊಂಡರೆ ಬಡಿಸುವುದು ಸುಲಭ. ಉಳಿದ ಫುರಿಕಾಕೆ ಈಗ ಹಾಕಿ. ಮೇಲೆ ಗೆರೆ ಎಳೆಯುವ ಮಯೋನೀಸ್, ಸ್ರಿರಾಚಾ ಕೂಡ ಈಗಲೇ. ಟೋಬಿಕೊ ಅಥವಾ ಮಸಾಗೊ ಎಂಬ ಮೀನಿನ ಮೊಟ್ಟೆ ಬಳಸುವುದಾದರೆ ತಿನ್ನುವ ಮುಂಚೆ ಹಾಕಿ, ಕಾವಿಗೆ ಅದು ಬಿಳಿಚಿಕೊಂಡು ಹಲ್ಲಿಗೆ ಸಿಕ್ಕಾಗ ಸಿಡಿಯುವ ಗುಣ ಕಳೆದುಕೊಳ್ಳುತ್ತದೆ. ಅದು ಬೇಯದ ಪದಾರ್ಥವಾದ್ದರಿಂದ ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಬಡಿಸುವ ಭಾಗಕ್ಕೆ ಹಾಕದಿರುವುದು ಕ್ಷೇಮ. ಸೌತೆಕಾಯಿ, ಬೆಣ್ಣೆಹಣ್ಣು ಪಕ್ಕದಲ್ಲಿರಲಿ. ಬೆಣ್ಣೆಹಣ್ಣು ಓವನ್‌ಗೆ ಹೋದರೆ ಕಹಿ ಬರುತ್ತದೆ.

ನೋರಿಯನ್ನು ಟ್ರೇಯ ತಳಕ್ಕೆ ಹಾಸುವುದು ನಿಲ್ಲಿಸಿ. ಅನ್ನದ ತೇವಕ್ಕೆ ಅದು ನೆನೆದು ಜಗ್ಗುತ್ತದೆ, ನಿಮಗೆ ಹರಿಯಲಾಗದ್ದು ಅದಕ್ಕೇ. ಪೂರ್ತಿ ಹಾಳೆಯನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿದರೆ ಅಂಗೈ ಅಗಲದ್ದಾಗುತ್ತದೆ, 8 ಹಾಳೆಯಲ್ಲಿ 32 ತುಂಡು, ತಲೆಗೆ ನಾಲ್ಕು. ಊಟಕ್ಕೆ ಕುಳಿತ ಮೇಲೆ ಪ್ಯಾಕೆಟ್ ಒಡೆಯಿರಿ. ಮೆತ್ತಗಾಗಿದ್ದರೆ 150 ಡಿಗ್ರಿ ಓವನ್‌ನಲ್ಲಿ ಎರಡು ಮೂರು ನಿಮಿಷ ಇಟ್ಟರೆ ಮತ್ತೆ ಗರಿಗರಿಯಾಗುತ್ತದೆ. ಪ್ರತಿಯೊಬ್ಬರೂ ತಿನ್ನುವ ಕ್ಷಣದಲ್ಲಿ ಸುತ್ತಿಕೊಳ್ಳಲಿ.

ಹಿಂದಿನ ದಿನದ ತಯಾರಿ

ಸಿಗಡಿ ಬೇಯಿಸುವುದು, ಸುರಿಮಿ ಹಿಂಡುವುದು, ಮೇಲ್ಪದರ ಕಲಸುವುದು ಇವನ್ನೆಲ್ಲ ಹಿಂದಿನ ದಿನ ಮಾಡಿ, ಮುಚ್ಚಿ 4 ಡಿಗ್ರಿಯ ಫ್ರಿಜ್‌ನಲ್ಲಿಡಬಹುದು. ಈರುಳ್ಳಿ ಸೊಪ್ಪನ್ನು ಮಾತ್ರ ಊಟದ ದಿನ ಸೇರಿಸಿ, ಇಲ್ಲದಿದ್ದರೆ ಅದೂ ನೀರು ಬಿಡುತ್ತದೆ. ಮರುದಿನ ಬಟ್ಟಲಿನ ಬದಿಯಲ್ಲಿ ನೀರು ಕಂಡರೆ ಕಲಸದೆ ಮೊದಲು ಅದನ್ನು ಬಸಿಯಿರಿ. ಅನ್ನ ಮಾತ್ರ ಅಂದೇ ಆಗಬೇಕು.

ಊಟ ರಾತ್ರಿ 8ಕ್ಕೆ ಎಂದಿಟ್ಟುಕೊಳ್ಳಿ. 5.40ಕ್ಕೆ ಅಕ್ಕಿ ತೊಳೆದು ನೆನೆಸಿ, 6.10ಕ್ಕೆ ಬಸಿಯಲು ಹಾಕಿ, 6.25ಕ್ಕೆ ಒಲೆಗೆ ಇಡಿ. 6.55ರ ಹೊತ್ತಿಗೆ ಅನ್ನ ಸಿದ್ಧ, ವಿನೆಗರ್ ಬೆರೆಸಿ ಆರಿಸುವಾಗ 7.15 ಆಗುತ್ತದೆ. ಟ್ರೇ 7.25ಕ್ಕೆ ಒಳಗೆ ಹೋಗಲಿ. ಮೇಲ್ಪದರ ತಣ್ಣಗಿರುವುದರಿಂದ ಇಲ್ಲಿ ಕ್ರಮ ಸ್ವಲ್ಪ ಬೇರೆ: 180 ಡಿಗ್ರಿಯಲ್ಲಿ ಫಾಯಿಲ್ ಮುಚ್ಚಿ 15 ನಿಮಿಷ, ಫಾಯಿಲ್ ತೆಗೆದು 200ರಲ್ಲಿ 8 ನಿಮಿಷ, ಆಮೇಲೆ ಗ್ರಿಲ್. ಬೇಯಿಸಿ ತಂಪು ಮಾಡಿದ ಪದಾರ್ಥ ಮತ್ತೆ ಬಿಸಿಯಾಗುವುದರಿಂದ ಮಧ್ಯದಲ್ಲಿ 74 ಡಿಗ್ರಿ ಬರಬೇಕು. ಅಂದೇ ಕಲಸಿದ್ದರ ಕೆನೆತನ ಇದಕ್ಕಿಂತ ಒಂದು ಕೈ ಮೇಲು. ಬಿಡುವಿದ್ದರೆ ಸಿಗಡಿ, ಸುರಿಮಿಯನ್ನಷ್ಟೇ ಹಿಂದಿನ ದಿನ ಸಿದ್ಧ ಮಾಡಿ, ಕ್ರೀಮ್ ಅನ್ನು ಆ ಸಂಜೆ ಕಲಸಿ.

ಎಂಟು ಜನರನ್ನು ಕರೆಯುವಾಗ ಅಲರ್ಜಿ ಕೇಳಿಕೊಳ್ಳಿ. ಮೀನು, ಸಿಗಡಿ-ಏಡಿ, ಮೊಟ್ಟೆ, ಹಾಲು, ಸೋಯಾ, ಎಳ್ಳು, ಸೋಯಾ ಸಾಸ್‌ನಲ್ಲೂ ಹಲವು ಸುರಿಮಿಗಳಲ್ಲೂ ಇರುವ ಗೋಧಿ, ಇವೆಲ್ಲ ಒಂದೇ ಟ್ರೇಯಲ್ಲಿವೆ. ಬರೀ ಕ್ರ್ಯಾಬ್ ಸ್ಟಿಕ್ ಹಾಕಿದ್ದೇನೆ, ಏಡಿ ಇಲ್ಲ ಎಂದು ಧೈರ್ಯ ಹೇಳಬೇಡಿ. ಸುರಿಮಿಯಲ್ಲಿ ಏಡಿಯ ಸಾರ ಇರಬಹುದು, ಪ್ಯಾಕೆಟ್ ಓದಿ.

ಉಳಿದರೆ, ಹೊರತೆಗೆದ 2 ಗಂಟೆಯೊಳಗೆ ಚಪ್ಪಟೆ ಡಬ್ಬಿಗೆ ಹಾಕಿ ಫ್ರಿಜ್‌ಗೆ ಇಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಉಳಿದರೆ ಅವು ಮೊಳೆತು ವಿಷ ಉಂಟುಮಾಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದು. ವಿನೆಗರ್ ಇದೆಯಲ್ಲ ಎಂದು ನಂಬಿ ರಾತ್ರಿಯಿಡೀ ಮೇಜಿನ ಮೇಲೆ ಬಿಡಬೇಡಿ, ಮನೆಯ ಅಳತೆಯ ಹುಳಿ ಅದನ್ನು ತಡೆಯುತ್ತದೆಂಬ ಭರವಸೆ ಇಲ್ಲ. ಫ್ರಿಜ್‌ನಲ್ಲಿಟ್ಟದ್ದನ್ನು ಎರಡು ದಿನದೊಳಗೆ ಮುಗಿಸಿ. ತಿನ್ನುವಷ್ಟನ್ನೇ ತೆಗೆದು, ಮೇಲೆ ಒಂದು ಚಮಚ ನೀರು ಚಿಮುಕಿಸಿ ಮುಚ್ಚಿ, ನಡುವೆ 74 ಡಿಗ್ರಿ ಬರುವಂತೆ ಬಿಸಿ ಮಾಡಿ. ಗಟ್ಟಿಯಾದ ಅನ್ನ ಆ ಹಬೆಗೆ ಮೆದುವಾಗುತ್ತದೆ. ಒಮ್ಮೆ ಹೀಗೆ ಬಿಸಿ ಮಾಡಿದ್ದನ್ನು ಮತ್ತೆ ಫ್ರಿಜ್‌ಗೆ ಇಡಬೇಡಿ.